ಒಂದೇ ಅಡುಗೆಮನೆ, ನಾಲ್ಕು ಥರದ ಊಟ: ರೂಮ್‌ಮೇಟ್‌ಗಳ ಡಯಟ್ ಅರ್ಥ ಮಾಡಿಕೊಳ್ಳುವುದು ಹೇಗೆ

ಓದಿಗೋ ಕೆಲಸಕ್ಕೋ ಊರು ಬಿಟ್ಟು ಬಂದು, ಬೆಂಗಳೂರಲ್ಲಿ ಮೂರ್ನಾಲ್ಕು ಜನ ಸೇರಿ ಮನೆ ಬಾಡಿಗೆ ಹಿಡಿದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಾಡಿಗೆ, ಕರೆಂಟ್ ಬಿಲ್, ಅಡ್ವಾನ್ಸ್ ಎಲ್ಲವನ್ನೂ ತಲೆಗಿಷ್ಟು ಅಂತ ಹಂಚಿದರೆ ಮುಗಿಯಿತು. ಊಟ ಹಾಗೆ ಹಂಚಲು ಬರುವುದಿಲ್ಲ. ಮಂಡ್ಯದವನಿಗೆ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅನಿಸುವುದಿಲ್ಲ. ವಿಜಯಪುರದವನಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬೇಕು. ಕಾರವಾರದವನಿಗೆ ವಾರದಲ್ಲಿ ಎರಡು ಮೂರು ದಿನವಾದರೂ ಮೀನು ಬೇಕು. ಬೆಳಗಾವಿ ಕಡೆಯ ಜೈನರ ಹುಡುಗ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟುವುದಿಲ್ಲ, ಕತ್ತಲಾಗುವ ಮೊದಲೇ ಊಟ ಮುಗಿಸುತ್ತಾನೆ. ಈಗ ಇದರ ಜೊತೆಗೆ ಡಯಟ್‌ಗಳೂ ಸೇರಿಕೊಂಡಿವೆ. ಒಬ್ಬನದು ಅನ್ನ, ರೊಟ್ಟಿ ಬಿಡುವ ಕೀಟೋ, ಒಬ್ಬನದು ದಿನಕ್ಕೆ ಹದಿನಾರು ಗಂಟೆಯ 16:8 ಉಪವಾಸ, ಇನ್ನೊಬ್ಬ ಜಿಮ್ ಸೇರಿ ಪ್ರೋಟೀನ್ ಗ್ರಾಂ ಎಣಿಸುತ್ತಿದ್ದಾನೆ, ಮತ್ತೊಬ್ಬ ಹಾಲು, ಮೊಸರನ್ನೂ ಬಿಟ್ಟು ವೀಗನ್ ಆಗಿದ್ದಾನೆ.

ಹೀಗಾದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಎಲ್ಲರೂ ಅಡುಗೆ ಬಿಟ್ಟು ಆ್ಯಪ್‌ನಲ್ಲಿ ತರಿಸಿಕೊಳ್ಳಲು ಶುರು ಮಾಡುತ್ತಾರೆ, ಇಲ್ಲವೇ ಯಾರ ಡಯಟ್ ಸರಿ ಅನ್ನುವ ವಾದ ದಿನಾ ನಡೆಯುತ್ತದೆ. ನನ್ನ ಪ್ರಕಾರ ಈ ವಾದದಲ್ಲಿ ಮುಕ್ಕಾಲು ಪಾಲು ಬೇಕಾಗಿಯೇ ಇಲ್ಲ. ತೂಕ ಇಳಿಸುವ ಡಯಟ್‌ಗಳು ಹೊರಗಿನಿಂದ ಎಷ್ಟೇ ಬೇರೆ ಬೇರೆ ಕಂಡರೂ ಮೈಯೊಳಗೆ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡುತ್ತವೆ. ಉಳಿದ ಕಾಲು ಪಾಲು ನಂಬಿಕೆಗೆ ಮತ್ತು ಕಾಯಿಲೆಗೆ ಸೇರಿದ್ದು, ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಇವೆರಡನ್ನು ಬಿಡಿಸಿ ನೋಡಿದರೆ ಒಂದೇ ಕುಕ್ಕರ್‌ನಲ್ಲಿ ಎಲ್ಲರ ಊಟಕ್ಕೂ ದಾರಿ ಸಿಗುತ್ತದೆ.

ಯಾಕೆ ತಿನ್ನುವುದಿಲ್ಲ ಅನ್ನುವುದು ಮೊದಲು ಗೊತ್ತಾಗಬೇಕು

ಒಬ್ಬ ಏಕಾದಶಿ ಅಂತ ಮಧ್ಯಾಹ್ನ ಊಟ ಬಿಟ್ಟಿದ್ದಾನೆ. ಇನ್ನೊಬ್ಬ ಫೋನ್‌ನಲ್ಲಿ ಟೈಮರ್ ಇಟ್ಟುಕೊಂಡು ಊಟ ಬಿಟ್ಟಿದ್ದಾನೆ. ಎರಡೂ ನೋಡಲು ಒಂದೇ, ಅಲ್ವಾ? ಆದರೆ ಎರಡನೆಯವನಿಗೆ 'ಇವತ್ತು ಬರ್ತ್‌ಡೇ, ಒಂದು ತುಂಡು ಕೇಕ್ ತಿನ್ನೋ' ಅಂದರೆ ತಿನ್ನಬಹುದು, ನಾಳೆಯಿಂದ ಮತ್ತೆ ಶುರು ಮಾಡಬಹುದು. ಮೊದಲನೆಯವನಿಗೆ ಆ ಮಾತು ಹೇಳಲೇಬಾರದು. ಅವನ ಉಪವಾಸಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ.

ನಮ್ಮಲ್ಲಿ ಈ ಥರದ ನೇಮಗಳು ಎಷ್ಟು ಸೂಕ್ಷ್ಮವಾಗಿವೆ ಅನ್ನುವುದಕ್ಕೆ ಮಾಧ್ವರ ಚಾತುರ್ಮಾಸ್ಯ ನೋಡಿ. ಮೊದಲ ತಿಂಗಳು ಶಾಕ ವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ಮೊಸರು ಇಲ್ಲ. ಮೂರನೇ ತಿಂಗಳು ಹಾಲು ಇಲ್ಲ. ನಾಲ್ಕನೇ ತಿಂಗಳು ದ್ವಿದಳ ವ್ರತ, ಅಂದರೆ ಬೇಳೆಕಾಳು ಇಲ್ಲ. ಇದನ್ನು ಪಾಲಿಸುವ ಹುಡುಗಿ ನಿಮ್ಮ ರೂಮ್‌ಮೇಟ್ ಆಗಿದ್ದರೆ, ಹೋದ ತಿಂಗಳು ತಿಂದ ಸಾರನ್ನೇ ಈ ತಿಂಗಳು ಯಾಕೆ ಬೇಡ ಅನ್ನುತ್ತಾಳೆ ಅಂತ ನಿಮಗೆ ಅರ್ಥವಾಗದೆ ಹೋಗಬಹುದು. ಜೈನರಲ್ಲಿ ಮಳೆಗಾಲದ ಆ ನಾಲ್ಕು ತಿಂಗಳು ಸೊಪ್ಪನ್ನೂ ಬಿಡುವವರಿದ್ದಾರೆ. ರಂಜಾನ್‌ನಲ್ಲಿ ಉಪವಾಸ ಇರುವವರು ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ನೀರನ್ನೂ ಕುಡಿಯುವುದಿಲ್ಲ. ಆ ಒಂದು ತಿಂಗಳು ಅಡುಗೆಮನೆಯ ಲೈಟು ಬೆಳಗ್ಗೆ ನಾಲ್ಕಕ್ಕೇ ಹತ್ತಿಕೊಳ್ಳುತ್ತದೆ. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡರೆ ಮನಸ್ತಾಪ ಬರುವುದಿಲ್ಲ.

ಎರಡನೆಯ ಕಾರಣ ಕಾಯಿಲೆ. ಸೀಲಿಯಾಕ್ ಅನ್ನುವ ಕರುಳಿನ ಕಾಯಿಲೆ ಇರುವವರಿಗೆ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಚೂರೇ ಚೂರು ಹೋದರೂ ಕರುಳಿಗೆ ಪೆಟ್ಟು ಬೀಳುತ್ತದೆ. ನಮ್ಮ ಪುಣ್ಯಕ್ಕೆ ರಾಗಿ, ಜೋಳ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬಿ ತಿರುಗಿಸಿ ಓದಿ. ಬಹಳಷ್ಟು ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ. ಒಗ್ಗರಣೆಗೆ ಹಾಕುವ ಒಂದು ಚಿಟಿಕೆ ಇಂಗು ಆ ಗೆಳೆಯನಿಗೆ ಎರಡು ದಿನ ಹೊಟ್ಟೆ ನೋವು ತರಬಹುದು. ಶೇಂಗಾ ಅಲರ್ಜಿ ಇನ್ನೂ ಗಂಭೀರ. ಚಟ್ನಿಪುಡಿ ಹಾಕಿದ ಚಮಚವನ್ನೇ ಪಲ್ಯಕ್ಕೂ ಹಾಕಿದರೆ ಆಸ್ಪತ್ರೆಗೆ ಓಡಬೇಕಾಗಬಹುದು. ಹಾಲು ಒಗ್ಗದವರಲ್ಲಿ ಹಲವರಿಗೆ ಮೊಸರು, ಮಜ್ಜಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆ ಒಂದಷ್ಟು ಕಮ್ಮಿಯಾಗಿರುತ್ತದೆ.

ಇನ್ನು ಅಭ್ಯಾಸ. ಮನೆಯಲ್ಲಿ ಹುಟ್ಟಿದಾಗಿನಿಂದ ತಿಂದದ್ದು. ಇದು ನಂಬಿಕೆಯಷ್ಟು ಗಟ್ಟಿ ಅಲ್ಲ, ಆದರೆ ಡಯಟ್‌ನಷ್ಟು ಸಡಿಲವೂ ಅಲ್ಲ. ಮೊಟ್ಟೆಯ ವಿಷಯದಲ್ಲಿ ಗೊಂದಲ ಜಾಸ್ತಿ. 'ನಾನು ವೆಜ್, ಆದರೆ ಮೊಟ್ಟೆ ತಿಂತೀನಿ' ಅನ್ನುವವರು ಬೇಕಾದಷ್ಟು ಜನ. ಸರ್ಕಾರದ ಆಹಾರ ಸುರಕ್ಷತಾ ನಿಯಮದಲ್ಲಿ ಮಾತ್ರ ಮೊಟ್ಟೆ ಮಾಂಸಾಹಾರಕ್ಕೇ ಸೇರುತ್ತದೆ, ಅದಕ್ಕೇ ಮೊಟ್ಟೆ ಹಾಕಿದ ಕೇಕ್ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುವುದಿಲ್ಲ. ಕರ್ನಾಟಕದವರೆಲ್ಲ ಸಸ್ಯಾಹಾರಿಗಳು ಅಂತ ಹೊರಗಿನವರು ಅಂದುಕೊಳ್ಳುವುದುಂಟು. 2014ರ ಸರ್ಕಾರಿ ಸಮೀಕ್ಷೆಯೊಂದರ ಪ್ರಕಾರ ರಾಜ್ಯದ ದೊಡ್ಡವರಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು.

ನಾಲ್ಕನೆಯದು ಗುರಿ ಇಟ್ಟುಕೊಂಡು ಮಾಡುವ ಡಯಟ್. ತೂಕ ಇಳಿಸಬೇಕು, ಶುಗರ್ ಹಿಡಿತಕ್ಕೆ ತರಬೇಕು, ತೋಳು ಗಟ್ಟಿಯಾಗಬೇಕು ಅನ್ನುವುದು. ಇದನ್ನು ಮಾತ್ರ ಲೆಕ್ಕ ಹಾಕಿ ಚರ್ಚೆ ಮಾಡಬಹುದು. ಮಾಡೋಣ.

ಮೈಯೊಳಗೆ ನಡೆಯುವುದು ಏನು

ಒಂದು ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್ಸ್, ಅಂದರೆ ಅನ್ನ, ರೊಟ್ಟಿಯಲ್ಲಿ ಜಾಸ್ತಿ ಇರುವ ಪಿಷ್ಟ, ಸಕ್ಕರೆ) ಸುಮಾರು 4 ಕ್ಯಾಲೊರಿ ಶಕ್ತಿ ಕೊಡುತ್ತದೆ. ಒಂದು ಗ್ರಾಂ ಪ್ರೋಟೀನ್ ಕೂಡ 4. ಒಂದು ಗ್ರಾಂ ಕೊಬ್ಬು 9. ಮೈಯಲ್ಲಿ ಕೂಡಿಟ್ಟ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಆಗಬೇಕು. ದಿನಕ್ಕೆ 500 ಕಮ್ಮಿ ತಿಂದರೆ ಶುರುವಿನಲ್ಲಿ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ ಇಳಿಯುತ್ತದೆ. ಆಮೇಲೆ ನಿಧಾನವಾಗುತ್ತದೆ, ಯಾಕೆಂದರೆ ಹಗುರವಾದ ಮೈಗೆ ಬೇಕಾಗುವ ಶಕ್ತಿಯೂ ಕಮ್ಮಿ. ತೂಕ ಇಳಿಸುವ ಎಲ್ಲ ಡಯಟ್‌ಗಳೂ ಕೊನೆಗೆ ಈ ಕೊರತೆಯನ್ನೇ ಉಂಟು ಮಾಡುತ್ತವೆ. ಅದನ್ನು ಯಾವ ದಾರಿಯಲ್ಲಿ ಮಾಡುತ್ತವೆ ಅನ್ನುವುದಷ್ಟೇ ಬೇರೆ.

ಕೀಟೋ ತೆಗೆದುಕೊಳ್ಳಿ. ಇದು ಶುರುವಾದದ್ದು ತೂಕಕ್ಕಾಗಿ ಅಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅನ್ನುವ ವೈದ್ಯರು ಮೂರ್ಛೆ ರೋಗಕ್ಕೆ ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇವತ್ತಿಗೂ ವೈದ್ಯರ ನಿಗಾದಲ್ಲಿ ಇದನ್ನು ಕೊಡುತ್ತಾರೆ. ದಿನಕ್ಕೆ ಕಾರ್ಬ್ಸ್ 20ರಿಂದ 50 ಗ್ರಾಂ ಒಳಗೆ ಇರಬೇಕು. ಆಗ ಲಿವರ್ ಕೊಬ್ಬಿನಿಂದ ಕೀಟೋನ್ ಅನ್ನುವ ಇಂಧನ ತಯಾರಿಸುತ್ತದೆ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲೇ 65 ಗ್ರಾಂಗಿಂತ ಜಾಸ್ತಿ ಕಾರ್ಬ್ಸ್ ಇರುತ್ತದೆ, ಹಾಗಾಗಿ ಕೀಟೋದಲ್ಲಿ ಒಂದೇ ಒಂದು ಮುದ್ದೆಗೂ ಜಾಗವಿಲ್ಲ.

ಕೀಟೋ ಹಿಡಿದವನು ಮೊದಲ ವಾರದಲ್ಲೇ ಎರಡು ಕಿಲೋ ಇಳಿದೆ ಅಂತ ಖುಷಿಪಡುತ್ತಾನೆ. ಅದು ನಿಜ, ಆದರೆ ಅದರಲ್ಲಿ ಬಹುಪಾಲು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಂಡ ಕಾರ್ಬ್ಸ್, ಶೇಖರವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ರೊಟ್ಟಿ ನಿಲ್ಲಿಸಿದಾಗ ಅದು ಖಾಲಿಯಾಗಿ ನೀರು ಹೊರಗೆ ಹೋಗುತ್ತದೆ. ಊರಿಗೆ ಹೋಗಿ ಮದುವೆ ಊಟ ಮಾಡಿ ಬಂದರೆ ಅದೇ ನೀರು ವಾಪಸ್. ಅವನು ಒಂದೇ ಊಟಕ್ಕೆ ದಪ್ಪ ಆಗಿಲ್ಲ, ಮೊದಲು ಅಷ್ಟೊಂದು ಕೊಬ್ಬು ಕರಗಿಯೂ ಇರಲಿಲ್ಲ. ಇದು ಗೊತ್ತಿದ್ದರೆ ಬೇಜಾರು ಮಾಡಿಕೊಂಡು ಎಲ್ಲ ಬಿಟ್ಟುಬಿಡುವುದು ತಪ್ಪುತ್ತದೆ. ಎರಡನೇ ವಾರದಿಂದ ಇಳಿಯುವುದರಲ್ಲಿ ಕೊಬ್ಬು ಜಾಸ್ತಿ. ಹಲವರಿಗೆ ಹಸಿವು ಕಮ್ಮಿಯಾಗುತ್ತದೆ. ಬಿಸ್ಕತ್, ಪಫ್ಸ್, ಚಕ್ಕುಲಿ ಎಲ್ಲ ಒಂದೇ ಏಟಿಗೆ ನಿಂತಿರುತ್ತವೆ, ಕೊರತೆ ತಾನಾಗಿಯೇ ಆಗುತ್ತದೆ.

16:8 ಅಂದರೆ ದಿನದ ಎಂಟು ಗಂಟೆಯೊಳಗೆ ಊಟ ಮುಗಿಸಿ ಉಳಿದ ಹದಿನಾರು ಗಂಟೆ ಖಾಲಿ ಹೊಟ್ಟೆ. ಬೆಳಗಿನ ತಿಂಡಿಯೋ ರಾತ್ರಿ ಹನ್ನೊಂದರ ಮ್ಯಾಗಿಯೋ ತಪ್ಪುತ್ತದೆ, ಕ್ಯಾಲೊರಿ ಕಮ್ಮಿಯಾಗುತ್ತದೆ. ಇದರಾಚೆ ಗಡಿಯಾರಕ್ಕೇ ಏನಾದರೂ ಶಕ್ತಿ ಇದೆಯಾ ಅಂತ ಚೀನಾದ ಗ್ವಾಂಗ್‌ಝೌನಲ್ಲಿ 139 ಜನರನ್ನು ಒಂದು ವರ್ಷ ನೋಡಿದರು. ಫಲಿತಾಂಶ ಬಂದದ್ದು 2022ರಲ್ಲಿ. ಎರಡೂ ಗುಂಪಿಗೆ ಕಮ್ಮಿ ಕ್ಯಾಲೊರಿಯ ಊಟ. ಒಂದು ಗುಂಪು ಅದನ್ನು ಎಂಟು ಗಂಟೆಯೊಳಗೆ ಮಾತ್ರ ತಿನ್ನಬೇಕಿತ್ತು. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 'ಉಪವಾಸಕ್ಕೆ ನೊಬೆಲ್ ಬಂದಿದೆ' ಅನ್ನುವ ಮಾತೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. 2016ರ ನೊಬೆಲ್ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ಬಂತು, ನಿಜ. ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಹೇಗೆ ಕರಗಿಸಿ ಮತ್ತೆ ಬಳಸುತ್ತದೆ ಅಂತ ಅವರು ಕಂಡುಹಿಡಿದರು, ಆ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ. ಅಲ್ಲಿಂದ ನಿಮ್ಮ ರೂಮ್‌ಮೇಟ್ ತಿಂಡಿ ಬಿಡುವುದಕ್ಕೆ ಬಹಳ ದೂರ ಇದೆ. ಹಾಗಂತ 16:8 ತಪ್ಪು ಅಂತಲ್ಲ. ಕ್ಯಾಲೊರಿ ಎಣಿಸಲು ಬೇಜಾರಿರುವವರಿಗೆ ಗಡಿಯಾರ ನೋಡುವುದು ಸುಲಭ, ಅಷ್ಟು ಸಾಕು.

ಪ್ರೋಟೀನ್ ವಿಷಯಕ್ಕೆ ಬರೋಣ, ಇದರಲ್ಲಿ ನನಗೆ ಹೇಳಲು ಜಾಸ್ತಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಬೇಕು. 60 ಕಿಲೋ ಇರುವವರಿಗೆ 50 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕಿಲೋಗೆ 1.6 ಗ್ರಾಂ ಹತ್ತಿರ ಸಾಕಾಗುತ್ತದೆ, ಅದಕ್ಕಿಂತ ಜಾಸ್ತಿ ಸುರಿದರೆ ಹೆಚ್ಚಿನ ಲಾಭ ಕಾಣುವುದಿಲ್ಲ. ಈಗ ನಮ್ಮ ತಟ್ಟೆ ನೋಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 30 ಗ್ರಾಂ ತೊಗರಿಬೇಳೆ ಹಾಕಿ ಮಾಡಿದ ಒಂದು ಬಟ್ಟಲು ತೊವ್ವೆಯಲ್ಲಿ ಆರೇಳು ಗ್ರಾಂ. ಒಂದು ದೊಡ್ಡ ಬಟ್ಟಲು ಮೊಸರಲ್ಲೂ ಅಷ್ಟೇ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ. ಬೇಯಿಸಿದ 100 ಗ್ರಾಂ ಚಿಕನ್ ಬ್ರೆಸ್ಟ್‌ನಲ್ಲಿ 30 ಗ್ರಾಂ ಹತ್ತಿರ. ರೂಮಿನಲ್ಲಿ ಇರುವವರ ನಿಜವಾದ ಕೊರತೆ ಎಲ್ಲಿ ಅಂದರೆ, ತಿಳಿಸಾರು ಅನ್ನ, ಚಿತ್ರಾನ್ನ, ಟೊಮೆಟೊ ಬಾತು, ಉಪ್ಪಿಟ್ಟು ಹೀಗೇ ದಿನ ಕಳೆದಾಗ 50 ಗ್ರಾಂ ಕೂಡ ತಲುಪುವುದು ಕಷ್ಟ. ಮಧ್ಯಾಹ್ನಕ್ಕೊಂದು ಹೆಸರುಕಾಳು ಪಲ್ಯ, ರಾತ್ರಿಗೊಂದು ಗಟ್ಟಿ ಬೇಳೆ, ಜೊತೆಗೆ ಮೊಸರು ಅಥವಾ ಮೊಟ್ಟೆ ಸೇರಿಸಿದರೆ ಯಾವ ಡಬ್ಬಿಯೂ ಬೇಡ. ಬೇಳೆಯ ಪ್ರೋಟೀನಿನಲ್ಲಿ ಕಮ್ಮಿ ಇರುವುದನ್ನು ಅಕ್ಕಿ, ಜೋಳ ತುಂಬುತ್ತವೆ, ಅವುಗಳಲ್ಲಿ ಕಮ್ಮಿ ಇರುವುದನ್ನು ಬೇಳೆ ತುಂಬುತ್ತದೆ. ಇಡ್ಲಿಯಲ್ಲಿ ಅಕ್ಕಿ ಮತ್ತು ಉದ್ದು, ಉತ್ತರ ಕರ್ನಾಟಕದಲ್ಲಿ ರೊಟ್ಟಿ ಮತ್ತು ಕಾಳು ಪಲ್ಯ ಒಟ್ಟಿಗೆ ಬರುವುದರಿಂದ ಆಗುವ ಲಾಭ ಇದೇ. ವೇ ಪ್ರೋಟೀನ್ ಚೀಸ್ ಮಾಡುವಾಗ ಉಳಿಯುವ ತಿಳಿನೀರಿನಿಂದ ಬರುವ ಪುಡಿ. ಒಂದು ಅಳತೆಯಲ್ಲಿ 24 ಗ್ರಾಂ ಆಸುಪಾಸು ಪ್ರೋಟೀನ್, ಅನುಕೂಲ ಅಷ್ಟೇ. ಶೇಂಗಾ ಬಗ್ಗೆ ಒಂದು ಎಚ್ಚರ. 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಆದರೆ 560ಕ್ಕೂ ಮೇಲೆ ಕ್ಯಾಲೊರಿ ಕೂಡ ಇದೆ. ಸಿನಿಮಾ ನೋಡುತ್ತಾ ತಿಂದರೆ ಲೆಕ್ಕ ತಪ್ಪುತ್ತದೆ.

ವೀಗನ್ ಅನ್ನುವುದು 1944ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಹೆಸರು. ಹಾಲು, ಮೊಸರು, ತುಪ್ಪ, ಜೇನು ಕೂಡ ಇಲ್ಲ. ಹೆಚ್ಚಿನವರಿಗೆ ಇದು ಪ್ರಾಣಿಗಳ ಮೇಲಿನ ಕಾಳಜಿ, ಹಾಗಾಗಿ ಇದನ್ನು ನಂಬಿಕೆಯ ಸಾಲಿಗೇ ಸೇರಿಸಿ. ತೂಕದ ಡಯಟ್ ಅಂತ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಮಿರ್ಚಿ ಬಜ್ಜಿ, ಆಲೂ ಚಿಪ್ಸ್, ಕೋಲಾ ಎಲ್ಲವೂ ವೀಗನ್ನೇ. ಮುಖ್ಯವಾದ ವಿಷಯ ವಿಟಮಿನ್ ಬಿ12. ಅದು ಗಿಡಗಳಿಂದ ಸಿಗುವುದಿಲ್ಲ. ವೀಗನ್ ಆದವರು ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಹಾಲು ಮೊಸರು ಕಮ್ಮಿ ತಿನ್ನುವ ಸಸ್ಯಾಹಾರಿಗಳಲ್ಲೂ ಇದರ ಕೊರತೆ ಸಾಮಾನ್ಯ. ಸುಮ್ನೆ ಸುಸ್ತು, ಕೈಕಾಲು ಜೋಮು ಅಂತ ಗೆಳತಿ ಹೇಳುತ್ತಿದ್ದರೆ ಒಂದು ರಕ್ತ ಪರೀಕ್ಷೆ ಮಾಡಿಸಲು ಹೇಳಿ.

ರಾಗಿಯ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅನ್ನುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350. ಅಂತರ ದೊಡ್ಡದಲ್ಲ. ರಾಗಿಯ ದೊಡ್ಡತನ ಬೇರೆ ಕಡೆ ಇದೆ. ನಾರು ಜಾಸ್ತಿ, ಮತ್ತು 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದರಲ್ಲಿ ಮೂರನೇ ಒಂದು ಭಾಗ ಒಂದು ಮುದ್ದೆಯಲ್ಲೇ ಇದೆ. ಅಕ್ಕಿಯಲ್ಲಿ ಇದರ ಹತ್ತನೇ ಒಂದು ಭಾಗವೂ ಇಲ್ಲ. ಹಾಲು ಬಿಟ್ಟ ವೀಗನ್ ರೂಮ್‌ಮೇಟ್‌ಗೆ ಮಂಡ್ಯದ ಗೆಳೆಯನ ಮುದ್ದೆ ಬಹಳ ಉಪಕಾರ ಮಾಡುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಮ್ಮಿ, ಇನ್ನೊಂದಕ್ಕೆ ಕಾರ್ಬ್ಸ್ ಕಮ್ಮಿ ಊಟ ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಬಂದ ಉತ್ತರ: ಸರಾಸರಿ ಐದೂವರೆ, ಆರು ಕಿಲೋ ಎರಡರಲ್ಲೂ ಇಳಿಯಿತು, ಗೆದ್ದವರು ಯಾರೂ ಇಲ್ಲ. ಆದರೆ ಪ್ರತಿ ಗುಂಪಿನ ಒಳಗೇ ಅಂತರ ಭಾರೀ ಇತ್ತು. ಒಂದೇ ಡಯಟ್‌ನಲ್ಲಿ ಒಬ್ಬರು 30 ಕಿಲೋ ಹತ್ತಿರ ಇಳಿದಿದ್ದಾರೆ, ಇನ್ನೊಬ್ಬರು 10 ಕಿಲೋ ಹತ್ತಿರ ಏರಿದ್ದಾರೆ. 'ನನಗೆ ವರ್ಕ್ ಆಯ್ತು, ನಿನಗೂ ಆಗುತ್ತೆ' ಅನ್ನುವ ಮಾತು ಎಷ್ಟು ದುರ್ಬಲ ಅಂತ ಇದರಿಂದ ಗೊತ್ತಾಗುತ್ತದೆ. ಯಾರಿಗೆ ಯಾವುದನ್ನು ತಿಂಗಳುಗಟ್ಟಲೆ ಬೇಸರವಿಲ್ಲದೆ ನಡೆಸಿಕೊಂಡು ಹೋಗಲು ಆಗುತ್ತದೋ ಅವರಿಗೆ ಅದು.

ರೂಮಿನಲ್ಲಿ ಇರುವವರಿಗೆ ಇದಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು 2019ರ ಇನ್ನೊಂದು ಪ್ರಯೋಗ. ಅಮೆರಿಕದ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ಒಂದು ಕಡೆ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾಮಾನ್ಯ ಅಡುಗೆ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸರಿಸಮ. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಕಾರ್ಖಾನೆ ತಿನಿಸಿನ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಅಂದರೆ ನೀವು ನಾಲ್ವರೂ ಯಾವ ಡಯಟ್ ಮಾಡುತ್ತಿದ್ದರೂ, ಮನೆಯಲ್ಲಿ ಚಿಪ್ಸ್, ನೂಡಲ್ಸ್, ಕ್ರೀಮ್ ಬಿಸ್ಕತ್ ಬದಲು ಅಡುಗೆ ಇದ್ದರೆ ನಾಲ್ವರಿಗೂ ಲಾಭ. ಇಲ್ಲಿ ಯಾರ ಜೊತೆಗೂ ಭಿನ್ನಾಭಿಪ್ರಾಯ ಬರುವುದಿಲ್ಲ.

ಒಂದು ಕುಕ್ಕರ್ ಬೇಳೆ

ಹಾಗಾದರೆ ಎಲ್ಲರಿಗೂ ಆಗುವ ಅಡುಗೆ ಹೇಗೆ? ನಾನು ನೋಡಿದಂತೆ ಚೆನ್ನಾಗಿ ನಡೆಯುವ ಮನೆಗಳಲ್ಲಿ ಒಂದು ಪದ್ಧತಿ ಇರುತ್ತದೆ. ಬುಡದ ಅಡುಗೆ ಎಲ್ಲರಿಗೂ ಒಂದೇ. ಜಗಳ ತರುವ ಪದಾರ್ಥಗಳು ಕೊನೆಗೆ ಬರುತ್ತವೆ.

ತೊಗರಿಬೇಳೆ, ಹೀರೇಕಾಯಿ, ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರ್ ಇಡಿ. ಮೂರು ವಿಷಲ್ ಬರಲಿ. ಇದರಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ತುಪ್ಪ ಇಲ್ಲ, ಗೋಧಿ ಇಲ್ಲ. ಉಪ್ಪು ಹಾಕಿ ಕುದಿಸಿ, ಮೊದಲು ಜೈನ ಗೆಳೆಯನ ಪಾಲನ್ನು ಬೇರೆ ಪಾತ್ರೆಗೆ ತೆಗೆದುಬಿಡಿ. ಅದಕ್ಕೆ ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ. ವೀಗನ್ ಇದ್ದರೆ ಅದನ್ನೇ ಎಣ್ಣೆಯಲ್ಲಿ ಮಾಡಿ, ತುಪ್ಪ ಬೇಕಾದವರು ತಟ್ಟೆಗೆ ಬಡಿಸಿಕೊಂಡ ಮೇಲೆ ಹಾಕಿಕೊಳ್ಳಲಿ. ಉಳಿದ ಬೇಳೆಗೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಜೋರು ಒಗ್ಗರಣೆ ಕೊಡಿ. ಮಂಡ್ಯದವನು ಇನ್ನೊಂದು ಒಲೆಯಲ್ಲಿ ಎಸರು ಇಟ್ಟು ಮುದ್ದೆ ತಿರುವಿಕೊಳ್ಳುತ್ತಾನೆ. ವಿಜಯಪುರದವನಿಗೆ ಖಾನಾವಳಿಯಿಂದ ತಂದ ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಜಿಮ್ ಹುಡುಗ ಅದೇ ಬೇಳೆ ಎರಡು ಬಟ್ಟಲು ಹಾಕಿಕೊಂಡು, ಬೇಯಿಸಿದ ಮೊಟ್ಟೆ ಸೇರಿಸುತ್ತಾನೆ. ಕೀಟೋದವನಿಗೆ ಮಾತ್ರ ಬೇಳೆ ಕಷ್ಟ, ಒಂದು ಬಟ್ಟಲಲ್ಲೇ 17–18 ಗ್ರಾಂ ಕಾರ್ಬ್ಸ್ ಇರುತ್ತದೆ. ಅವನು ಬೇಯಿಸುವ ಮೊದಲೇ ಒಂದಷ್ಟು ಹೀರೇಕಾಯಿ ಎತ್ತಿಟ್ಟುಕೊಂಡು ಪನೀರ್ ಜೊತೆ ಪಲ್ಯ ಮಾಡಿಕೊಳ್ಳಲಿ.

ಮೀನಿಗೆ ಬೇರೆ ತವಾ ಇರಲಿ, ಕರಿದ ಎಣ್ಣೆಯನ್ನು ಮತ್ತೆ ಬೇರೆ ಅಡುಗೆಗೆ ಬಳಸಬೇಡಿ. ದಿನವನ್ನು ಮೊದಲೇ ಹೇಳಿದರೆ ವಾಸನೆ ಆಗದವರು ಆ ಹೊತ್ತಿಗೆ ಒಂದು ಸುತ್ತು ಹೊರಗೆ ಹೋಗಿ ಬರಬಹುದು. ಕಿಟಕಿ ತೆಗೆದು, ಬಂಗಡೆಗೆ ಮಸಾಲೆ ಹಚ್ಚಿ ಹುರಿದು, ತಕ್ಷಣ ತವಾ ತೊಳೆದಿಟ್ಟರೆ ಮರುದಿನಕ್ಕೆ ತಕರಾರು ಉಳಿಯುವುದಿಲ್ಲ.

ಸಮಯ ಹೊಂದಿಸುವುದೇ ಇದರಲ್ಲಿ ಕಷ್ಟ. ಸೂರ್ಯ ಮುಳುಗುವ ಮೊದಲು ಉಣ್ಣುವವನಿಗೂ, ಆಫೀಸಿನಿಂದ ಟ್ರಾಫಿಕ್‌ನಲ್ಲಿ ಎಂಟೂವರೆಗೆ ಬರುವವನಿಗೂ ವಾರದ ದಿನ ಒಟ್ಟಿಗೆ ಕೂರಲು ಆಗುವುದಿಲ್ಲ. ಬೇಗ ಉಣ್ಣುವವನು ಡಬ್ಬಿ ಕಟ್ಟಿಕೊಂಡು ಹೋಗುತ್ತಾನೆ, ಹೋಗಲಿ. ಭಾನುವಾರ ಮಧ್ಯಾಹ್ನದ ಊಟ ಎಲ್ಲರೂ ಸೇರಿ ಅಂತ ಇಟ್ಟುಕೊಳ್ಳಿ. ಆದರೆ ಗೆಳೆಯರ ಜೊತೆ ಕೂತಾಗ ಒಬ್ಬರೇ ತಿನ್ನುವುದಕ್ಕಿಂತ ಜಾಸ್ತಿ ತಿನ್ನುತ್ತೇವೆ, ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ ಇದು. ತೂಕ ಇಳಿಸುತ್ತಿರುವವರಿಗೆ ಒತ್ತಾಯ ಮಾಡಿ ಬಡಿಸಬೇಡಿ.

ದುಡ್ಡು, ಫ್ರಿಜ್, ಮಾತು

ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಗ್ಯಾಸ್ ಸಿಲಿಂಡರ್ ಒಟ್ಟಿಗೆ ಹಂಚಿಕೊಳ್ಳಿ. ಪನೀರ್, ಬಾದಾಮಿ, ವೇ ಡಬ್ಬಿ, ಮೀನು ಅವರವರದು. ಅಕ್ಕಿ ತಿನ್ನದವನಿಂದ ಅಕ್ಕಿಗೆ ದುಡ್ಡು ಕೇಳಬೇಡಿ.

ಫ್ರಿಜ್‌ನಲ್ಲಿ ಹಸಿ ಮೀನು, ಮಾಂಸ ಮುಚ್ಚಳ ಇರುವ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಶೆಲ್ಫ್‌ನಲ್ಲೇ ಇರಲಿ. ಸಸ್ಯಾಹಾರಿಗಳ ಸಮಾಧಾನಕ್ಕೆ ಮಾತ್ರವಲ್ಲ, ರಸ ಸೋರಿ ಕೆಳಗಿರುವ ಊಟಕ್ಕೆ ಬಿದ್ದರೆ ಎಲ್ಲರಿಗೂ ಹೊಟ್ಟೆ ಕೆಡುತ್ತದೆ. ಉಳಿದ ಅನ್ನದ ವಿಷಯ ಇನ್ನೂ ಮುಖ್ಯ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಗಳು ಅನ್ನದಲ್ಲಿ ಇರಬಹುದು. ರಾತ್ರಿಯಿಡೀ ಹೊರಗಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ, ಬೆಳಗ್ಗೆ ಚಿತ್ರಾನ್ನ ಮಾಡಿ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಹಾಕಿ.

ಗೆಳೆಯರ ಮಾತು ಕೇಳಿ ಡಯಟ್ ಶುರು ಮಾಡಬಾರದವರು ಕೆಲವರಿದ್ದಾರೆ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಿದರೆ ಶುಗರ್ ಅಪಾಯಕರವಾಗಿ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುತ್ತಾ ಕೀಟೋ ಮಾಡಿದರೆ ರಕ್ತ ಆಮ್ಲವಾಗುವ ಅಪಾಯ ಇದೆ, ಶುಗರ್ ಅಷ್ಟೇನೂ ಏರದೆಯೂ ಹಾಗಾಗಬಹುದು. ಕಿಡ್ನಿ ತೊಂದರೆ ಇರುವವರಿಗೆ ಜಾಸ್ತಿ ಪ್ರೋಟೀನ್ ಒಳ್ಳೆಯದಲ್ಲ.

ಇನ್ನೊಂದು ವಿಷಯವನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಡಯಟ್ ಹೆಸರಲ್ಲಿ ಒಬ್ಬರು ನಿಜವಾಗಿ ಕಷ್ಟದಲ್ಲಿದ್ದರೆ ಅದು ಮೊದಲು ಕಾಣುವುದು ಅಪ್ಪ ಅಮ್ಮನಿಗಲ್ಲ, ರೂಮ್‌ಮೇಟ್‌ಗೆ. ಒಟ್ಟಿಗೆ ಊಟಕ್ಕೆ ಕೂರುವುದನ್ನೇ ತಪ್ಪಿಸುವುದು, ತಿಂದ ತಕ್ಷಣ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುವುದು, ದಿನಕ್ಕೆ ಹಲವು ಸಲ ತೂಕ ನೋಡುವುದು, ಕೂದಲು ಉದುರುವುದು, ಹುಡುಗಿಯರಲ್ಲಿ ಮುಟ್ಟು ನಿಂತು ಹೋಗುವುದು, ಇವು ಕಂಡರೆ ಇಚ್ಛಾಶಕ್ತಿ ಅಂತ ಹೊಗಳಬೇಡಿ. 'ಎಷ್ಟು ಸಣ್ಣ ಆಗಿದ್ದೀಯ, ಸೂಪರ್' ಅನ್ನುವ ಮಾತೂ ಆ ಹೊತ್ತಲ್ಲಿ ಹಾನಿ ಮಾಡುತ್ತದೆ. ಒಬ್ಬರೇ ಇರುವಾಗ ಪಕ್ಕ ಕೂತು ಮಾತಾಡಿಸಿ. ತಟ್ಟೆಯ ಬಗ್ಗೆ ಬೇಡ, ಹೇಗಿದ್ದೀಯ ಅಂತ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಕೊನೆಯದಾಗಿ, ಹೊಸ ಮನೆ ನೋಡುತ್ತಿರುವವರಿಗೆ. ಬೆಂಗಳೂರಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆ ಕೊಡುವ ಮಾಲೀಕರು ಬಹಳ ಇದ್ದಾರೆ. ಅಗ್ರಿಮೆಂಟ್ ಒಬ್ಬರ ಹೆಸರಲ್ಲಿ ಆಗಿ, ಮೀನು ತಿನ್ನುವ ಗೆಳೆಯ ಆಮೇಲೆ ಬಂದು ಸೇರಿದರೆ ಇಬ್ಬರೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಅಡ್ವಾನ್ಸ್ ಕೊಡುವ ಮೊದಲೇ ಮಾಲೀಕರನ್ನು ನೇರವಾಗಿ ಕೇಳಿ, ಮೊಟ್ಟೆಯ ವಿಷಯವನ್ನೂ ಸೇರಿಸಿ ಕೇಳಿ. ಹೊಸ ರೂಮ್‌ಮೇಟ್‌ಗೂ ಅದೇ ದಿನ ಕೇಳಿಬಿಡಿ: ಏನು ತಿನ್ನಲ್ಲ, ಯಾವುದು ಒಗ್ಗಲ್ಲ, ಯಾವ ದಿನ ಉಪವಾಸ, ರಾತ್ರಿ ಎಷ್ಟು ಗಂಟೆಗೆ ಊಟ.